ಅಕ್ಕಿ ಡಬ್ಬದೊಳಗೆ ಕೂಗಿದ ಪೆಟ್ಟಿಗೆ

ಗಲ್ಫಿನ ಬುರೈದಾದ ನಮ್ಮ ಮನೆಗೆ ನಾನು ಕಾಲಿಟ್ಟ ಮೊದಲ ಸಂಜೆ, ಕಟ್ಟಡ ಕಾಯುವ ಜಲೀಲ್ ಒಂದು ಲೈಟರ್ ಹೊತ್ತಿಸಿ ಮಲಗುವ ಕೋಣೆಯ ಕಿಟಕಿಯ ಅಂಚಿನುದ್ದಕ್ಕೂ ಹಿಡಿದು ತೋರಿಸಿದ. ಉರಿ ಒಂದಿಷ್ಟೂ ಅಲುಗಲಿಲ್ಲ. "ದೇಖೋ ಭಾಬಿ, ಹವಾ ಬಿಲ್ಕುಲ್ ನಹೀ," ಎಂದು ಹೆಮ್ಮೆಯಿಂದ ನನ್ನ ಮುಖ ನೋಡಿದ. ಗಾಳಿ ಸ್ವಲ್ಪವೂ ನುಗ್ಗುವುದಿಲ್ಲವಂತೆ. ಮನೆ ತೋರಿಸುವವರು ಗಾಳಿ ಬೆಳಕು ಚೆನ್ನಾಗಿದೆ ಎಂದು ಹೊಗಳುವುದನ್ನು ಕೇಳಿ ಬೆಳೆದವಳು ನಾನು. ಗಾಳಿ ಬರುವುದಿಲ್ಲ ಎಂದು ಹೊಗಳುವ ಊರಿಗೆ ಬಂದು ಬಿದ್ದೆನಲ್ಲ ಎಂದುಕೊಂಡೆ.

ಕಿಟಕಿಗಳಿಗೆ ಜೋಡಿ ಗಾಜು. ಅಂಚಿಗೆಲ್ಲ ಸಿಲಿಕಾನ್ ಮೆತ್ತಿ, ತೆರೆಯಲು ಸಾಧ್ಯವೇ ಇಲ್ಲದ ಹಾಗೆ ಮಾಡಿದ್ದರು. ಇಲ್ಲಿ ಗುಬಾರ್ ಎಂಬ ಧೂಳಿನ ಬಿರುಗಾಳಿ ಎದ್ದರೆ ಬೀಗ ಹಾಕಿದ ಕಪಾಟಿನೊಳಗಿನ ಬಟ್ಟೆಯ ಮಡಿಕೆಯಲ್ಲೂ ಮರಳು ಸಿಗುತ್ತದೆ, ಹಾಗಾಗಿ ಗಾಳಿ ಹೊರಗಿದ್ದಷ್ಟು ಮನೆ ಒಳ್ಳೆಯದು. ಪಾಣೆಮಂಗಳೂರಿನ ನಮ್ಮ ಮನೆಯಲ್ಲಿ ಬಾಗಿಲು ಹಾಕಿದರೂ ಹಾಕದಿದ್ದರೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹಂಚಿನ ಸಂದು, ಗೋಡೆಗೂ ಮಾಡಿಗೂ ನಡುವಿನ ಸಂದು, ಬಾಗಿಲ ಅಡಿಯ ಸಂದು, ಎಲ್ಲ ಕಡೆಯಿಂದಲೂ ಗಾಳಿ ನುಗ್ಗಿ ಪಕ್ಕದ ಮನೆಯವರು ಏನು ಹುರಿಯುತ್ತಿದ್ದಾರೆಂದು ಹಾಸಿಗೆಯಲ್ಲೇ ಗೊತ್ತಾಗುತ್ತಿತ್ತು.

ಅದೇ ಸಂಜೆ ಇನ್ನೊಂದು ಆಘಾತ. ಮಲಗುವ ಕೋಣೆಯ ಗೋಡೆಯಲ್ಲಿ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಬಿಳಿ ಡಬ್ಬಿಯೊಂದಿತ್ತು. ಜಲೀಲ್ ಅದರ ಗುಂಡಿ ಒತ್ತಿದ್ದೇ ತಡ, ಅದು ಕಿವಿ ಹರಿದುಹೋಗುವ ಹಾಗೆ ಕಿರುಚಿತು. ನಾನು ಕೈಯಲ್ಲಿದ್ದ ಚೀಲ ಬಿಟ್ಟೇಬಿಟ್ಟೆ. ಊರಿನಿಂದ ಹೊತ್ತು ತಂದ ಉಪ್ಪಿನಕಾಯಿಯ ಭರಣಿ ಒಡೆದು ಚೀಲವೆಲ್ಲ ಎಣ್ಣೆಯಾಯಿತು.

"ಎಂತ ಇದು?" ಎಂದು ನಮ್ಮವರನ್ನು ಕೇಳಿದೆ.

ನಮ್ಮವರ ಹೆಸರು ಹನೀಫ್. ಕಟ್ಟಡ ಕಟ್ಟುವ ಕಂಪೆನಿಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸ. "ಹೊಸ ಕಟ್ಟಡಕ್ಕೆ ಈಗ ಇದು ಬೇಕೇ ಬೇಕು ಮಾರಾಯ್ತಿ. ಕೆಳಗೆ ಕಾರು ನಿಲ್ಲಿಸುವ ಜಾಗ ಉಂಟಲ್ಲ, ಅದರ ಹೊಗೆ ಮೇಲೆ ಬಂದ್ರೆ ಕೂಗ್ಲಿಕ್ಕೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ. ನಾನೇ ದಿನಾ ಬಿಡಿಸ್ತೇನೆ, ಮಲಗುವ ಕೋಣೆಯ ಹತ್ತಿರ ಒಂದು ಸಣ್ಣ ವೃತ್ತ. ಅದಿಲ್ಲದಿದ್ರೆ ನಕ್ಷೆ ಪಾಸಾಗುವುದಿಲ್ಲ," ಎಂದರು. ಸಣ್ಣ ವೃತ್ತ, ನಕ್ಷೆ ಪಾಸು. ನಮ್ಮಿಬ್ಬರಿಗೂ ಅದರ ಬಗ್ಗೆ ಅಷ್ಟು ತಿಳಿದಿದ್ದರೆ ಸಾಕು ಎನಿಸಿತು.

ಈ ದೇಶದಲ್ಲಿ ಹೆಂಗಸರು ಆಗಷ್ಟೇ ಕಾರು ಓಡಿಸಲು ಶುರು ಮಾಡಿದ್ದ ಕಾಲ ಅದು. ಕೆಳಗಿನ ಮನೆಯಲ್ಲಿದ್ದ ಮಾಲೀಕರ ಮಗಳು ಅಂಗಳದಲ್ಲೇ ಕಾರನ್ನು ಹಿಂದೆ ಮುಂದೆ ಮಾಡಿ ಕಲಿಯುತ್ತಿದ್ದಳು, ನಾನು ಗಾಜಿನ ಹಿಂದೆ ನಿಂತು ನೋಡುತ್ತಿದ್ದೆ. ಹನೀಫ್ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಇಡೀ ದಿನ ನನ್ನ ದನಿಯನ್ನು ನಾನೇ ಕೇಳಿಸಿಕೊಳ್ಳಬೇಕಾದರೆ ಪಾತ್ರೆಗಳ ಜೊತೆ ಮಾತಾಡಬೇಕಿತ್ತು. ಮೀನಿನ ಕಥೆ ಕೇಳಲೇಬೇಡಿ. ಬುರೈದಾ ಮರುಭೂಮಿಯ ಹೊಟ್ಟೆಯಲ್ಲಿದೆ. ಕಡಲತೀರದ ಖತೀಫ್‌ನಲ್ಲಿದ್ದ ಇವರ ಗೆಳೆಯರು ಎಂದಾದರೊಮ್ಮೆ ಐಸ್ ಪೆಟ್ಟಿಗೆಯಲ್ಲಿ ತಂದುಕೊಟ್ಟ ಬಂಗುಡೆಯನ್ನು ನಾನು ಮುಳ್ಳೂ ಬಿಡದೆ ತಿನ್ನುತ್ತಿದ್ದೆ. ಬಕಾಲ ಎಂಬ ಮೂಲೆಯ ಅಂಗಡಿಗೆ ಫೋನು ಮಾಡಿ ಅರಬಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳಿ, ಕೊತ್ತಂಬರಿ ಸೊಪ್ಪೇ ಬಂದ ದಿನ ಊರಿಗೆಲ್ಲ ಫೋನು ಮಾಡಿ ಹೇಳಿದ್ದೆ. ಆ ಅಂಗಡಿಯವನು ಕಾಸರಗೋಡಿನವನು, ನಮ್ಮ ಬ್ಯಾರಿ ಭಾಷೆಯೇ ಅವನಿಗೆ ಅರ್ಥವಾಗುತ್ತಿತ್ತು ಎಂಬುದು ನಂತರ ತಿಳಿಯಿತು.

ನನಗೆ ಅರಬಿ ಕಲಿಸಿದವರು ಮಾಲೀಕರ ತಾಯಿ ಉಮ್ ಫಹದ್. ಎಂದರೆ ಫಹದನ ತಾಯಿ. ಇಲ್ಲಿ ಹೆಂಗಸರನ್ನು ಹಿರಿಮಗನ ಹೆಸರಿನಿಂದ ಕರೆಯುವುದು ಮರ್ಯಾದೆ. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಚಳಿಗಾಲ ಬಂದ ಕೂಡಲೇ ಅವರ ಮನೆಯ ಒಂದು ಕೋಣೆಗೆ ಜೀವ ಬರುತ್ತಿತ್ತು. ಅದಕ್ಕೆ ಮಶಬ್ ಎನ್ನುತ್ತಾರೆ, ಬೆಂಕಿಯ ಮುಂದೆ ಮೈ ಕಾಯಿಸುತ್ತಾ ಕೂರುವ ಕೋಣೆ. ಗೋಡೆಯೊಳಗೆ ಒಲೆ, ಅದರ ಮೇಲೆ ಮಾಡಿನವರೆಗೆ ಹೋಗುವ ಹೊಗೆಕೊಳವೆ, ಸುತ್ತ ಗೋಡೆಗೆ ಜೋಡಿಸಿದ ಕಾಫಿಯ ಹೂಜಿಗಳು. ಎಷ್ಟು ಚಳಿಯಿದ್ದರೂ ಆ ಕೋಣೆಯ ಬಾಗಿಲನ್ನು ಅವರು ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಕಲ್ಲು ಅಡ್ಡ ಇಡುತ್ತಿದ್ದರು. ಬೆಂಕಿ ಹಾಕಿಕೊಂಡು ಬಾಗಿಲು ತೆರೆದಿಡುವುದು ಇದೆಂಥ ದುಂದು ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ.

ಆ ಚಳಿಯಲ್ಲೇ ನನಗೆ ಹೆಣ್ಣುಮಗು ಹುಟ್ಟಿತು. ಸನಾ ಎಂದು ಹೆಸರಿಟ್ಟೆವು. ಬಾಣಂತನಕ್ಕೆ ಉಮ್ಮ ಬಂದರು.

ಉಮ್ಮ ಎಂದರೆ ನನ್ನ ತಾಯಿ. ಬೀಡಿ ಕಟ್ಟಿ ನಾಲ್ಕು ಹೆಣ್ಣುಮಕ್ಕಳನ್ನು ಸಾಕಿದವರು. ನನ್ನ ಅಕ್ಕಂದಿರಿಬ್ಬರ ಬಾಣಂತನ ಮಾಡಿದ್ದಲ್ಲದೆ ಬೀದಿಯ ಅರ್ಧ ಮಕ್ಕಳನ್ನು ಕಾಲ ಮೇಲೆ ಮಲಗಿಸಿ ನೀರೆರೆದವರು. ಹೆರಿಗೆಯಾದ ಮನೆಯವರು ಉಮ್ಮನಿಗೆ ಹೇಳಿಕಳುಹಿಸುತ್ತಿದ್ದರು, ಆ ಕೈಗಳ ಮೇಲೆ ಊರಿಗೆ ಅಷ್ಟು ನಂಬಿಕೆ. ವಿಮಾನ ಇಳಿದು ಬಂದವರು ಮೊದಲು ಮಗುವನ್ನು ನೋಡಿದರು, ಆಮೇಲೆ ನಮ್ಮ ಹೀಟರನ್ನು ನೋಡಿದರು. ಎಣ್ಣೆ ತುಂಬಿದ ವಿದ್ಯುತ್ ಹೀಟರ್, ಚಕ್ರವಿರುವ ಕಬ್ಬಿಣದ ಪಕ್ಕೆಲುಬುಗಳಂತಿತ್ತು.

"ಇದರ ಶಾಖ ಚರ್ಮಕ್ಕೆ ಮಾತ್ರ ಮೋಳೇ. ಎಲುಬಿಗೆ ಹೋಗುವುದಿಲ್ಲ. ಬಾಣಂತಿಗೆ ಕೆಂಡದ ಶಾಖವೇ ಆಗ್ಬೇಕು," ಎಂದರು. ಮೋಳೇ ಎಂದರೆ ನಮ್ಮ ಭಾಷೆಯಲ್ಲಿ ಮಗಳೇ ಎಂದು.

ನಮ್ಮ ಕಡೆ ಬಾಣಂತಿಯನ್ನು ಎಣ್ಣೆ ತಿಕ್ಕಿ ಸುಡುಸುಡು ನೀರಿನಲ್ಲಿ ಮೀಯಿಸಿ, ಹಗ್ಗದ ಮಂಚದ ಮೇಲೆ ಮಲಗಿಸಿ, ಕೆಳಗೆ ಕೆಂಡದ ಬಾಣಲೆ ಇಡುತ್ತಾರೆ. ಕೆಂಡಕ್ಕೆ ಚಿಟಿಕೆ ಲೋಬಾನ ಹಾಕಿದರೆ ಹೊಗೆ ಏಳುತ್ತದೆ. ಕೂದಲು ಒಣಗುತ್ತದೆ, ಮೈನೋವು ಇಳಿಯುತ್ತದೆ. ನನ್ನ ಅಕ್ಕಂದಿರಿಗೆ ಹಾಗೆಯೇ ಮಾಡಿದ್ದು. ತೆಂಗಿನ ಗೆರಟೆಯ ಕೆಂಡ, ಹಂಚಿನ ಮಾಡು, ಮಳೆಗಾಲದಲ್ಲೂ ಗಾಳಿಯಾಡುವ ಕೋಣೆ. ಇಲ್ಲಿ ಹಗ್ಗದ ಮಂಚ ಎಲ್ಲಿಂದ ಬರಬೇಕು? ಹನೀಫ್ ಹಳೆಯ ಸಾಮಾನಿನ ಮಾರುಕಟ್ಟೆಗೆ ಹೋಗಿ ಎತ್ತರದ ಕಬ್ಬಿಣದ ಮಂಚವೊಂದನ್ನು ಹೊರಿಸಿಕೊಂಡು ಬಂದರು, ಬಾಣಲೆಯನ್ನೂ ತಂದರು. ಇದ್ದಿಲಿಗೆ ಇಲ್ಲಿ ಫಹಮ್ ಎನ್ನುತ್ತಾರೆ. ಬಕಾಲದಲ್ಲಿ ಚೀಲಗಟ್ಟಲೆ ಸಿಗುತ್ತದೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಅತ್ತೆಗೂ ಅಳಿಯನಿಗೂ ನಡುವೆ ಬಹಳ ಮರ್ಯಾದೆ. ಉಮ್ಮ ಹನೀಫರ ಎದುರು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳದೆ ನಿಲ್ಲುವವರಲ್ಲ, ನೇರವಾಗಿ ಮಾತೂ ಆಡುವವರಲ್ಲ. ಹೇಳಬೇಕಾದ್ದನ್ನು ನನಗೆ ಹೇಳುವುದು, ಅವರು ಕೇಳಿಸಿಕೊಳ್ಳುವುದು. ಹನೀಫರೂ ಅಷ್ಟೇ. ಮಾಮಿ ಇದೊಂದು ಬೇಡ ಎಂದು ಅವರ ಬಾಯಿಂದ ಬರಲಾರದು. ಒಂದೇ ಮನೆಯಲ್ಲಿ ಇಬ್ಬರು ದೊಡ್ಡವರು ಪರಸ್ಪರ ತಪ್ಪು ಹೇಳಲಾರದೆ, ನಡುವೆ ನಾನು ಮಲಗಿಕೊಂಡಿದ್ದೆ.

ಮೊದಲ ದಿನ ಕೆಂಡವಿಟ್ಟು ಲೋಬಾನ ಹಾಕಿ ಸ್ವಲ್ಪ ಹೊತ್ತಿಗೆ ಗೋಡೆಯ ಪೆಟ್ಟಿಗೆ ಕಿರುಚಿತು. ಮಗು ಬೆಚ್ಚಿ ಅತ್ತಿತು. ಉಮ್ಮ ಗೋಡೆ ನೋಡಿ "ಅಸ್ತಗ್‌ಫಿರುಲ್ಲಾ" ಎಂದು ಎದೆ ಹಿಡಿದುಕೊಂಡರು. ನಾನು ಹನೀಫರಿಗೆ ಫೋನು ಮಾಡಿದೆ.

"ಹೊಗೆ ಅಲ್ವಾ ಮಾರಾಯ್ತಿ, ಅದಕ್ಕೆ ಕೂಗಿದ್ದು," ಎಂದರು.

ಸರಿ, ಹೊಗೆ ಬೇಡವೆಂದರೆ ಬೇಡ. ಉಮ್ಮ ಉಪಾಯಗಾರ್ತಿ. ಮರುದಿನ ಇದ್ದಿಲನ್ನು ಬಾಲ್ಕನಿಯಲ್ಲೇ ಚೆನ್ನಾಗಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಪಗೆ ನಿಗಿನಿಗಿ ಎನ್ನುವ ತನಕ ಕಾದು, ಲೋಬಾನ ಹಾಕದೆ ಒಳಗೆ ತಂದರು. ಒಂದೆಳೆ ಹೊಗೆಯಿಲ್ಲ. ವಾಸನೆಯೂ ಇಲ್ಲ. ಬಾಗಿಲು ಭದ್ರವಾಗಿ ಎಳೆದುಕೊಂಡರು, ಬಾಣಂತಿಗೆ ಶೀತಗಾಳಿ ತಾಗಬಾರದಲ್ಲ. ಕೋಣೆ ಹಿತವಾಗಿ ಬೆಚ್ಚಗಾಯಿತು. ಪೆಟ್ಟಿಗೆ ಮತ್ತೆ ಕಿರುಚಿತು.

ಶುಕ್ರವಾರ ಹನೀಫ್ ಮನೆಯಲ್ಲಿದ್ದರು. ಅದು ಕೂಗುತ್ತಿರುವಾಗಲೇ ಕೋಣೆಗೆ ಬಂದು ಮೂಗರಳಿಸಿ ನೋಡಿದರು. ಮಾಡು ನೋಡಿದರು, ಮೂಲೆ ನೋಡಿದರು. "ಹೊಗೆಯೇ ಇಲ್ಲ, ಸುಮ್ಮನೆ ಕೂಗ್ತದೆ. ಇದು ಕೆಟ್ಟಿದೆ," ಎಂದು ಗೋಡೆಯಿಂದ ಕಳಚಿ ಮೇಜಿನ ಮೇಲಿಟ್ಟರು. ಬ್ಯಾಟರಿ ತೆಗೆಯೋಣವೆಂದರೆ ಒಳಗೇ ಮುಚ್ಚಿ ಬಂದ ಮಾದರಿ. ಜಲೀಲನಿಗೆ ಕೊಟ್ಟು ಬದಲಾಯಿಸಿಕೊಂಡರಾಯಿತು ಎಂದು ಜುಮಾ ನಮಾಜಿಗೆ ಹೊರಟರು. ಅದು ಮೇಜಿನ ಮೇಲೂ ಬಡಿದುಕೊಳ್ಳುತ್ತಲೇ ಇತ್ತು.

ಅಳಿಯ ಬಾಗಿಲು ದಾಟಿದ ಮೇಲೆ ಉಮ್ಮ ಎದ್ದರು. ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿ ಅಡುಗೆಮನೆಗೆ ಒಯ್ದು, ದೊಡ್ಡ ಸ್ಟೀಲಿನ ಅಕ್ಕಿ ಡಬ್ಬದಲ್ಲಿ ಮೊಣಕೈಯವರೆಗೆ ಕೈ ಹಾಕಿ ಹೂತು, ಮುಚ್ಚಳ ಒತ್ತಿದರು. ಒಳಗಿಂದ ಕ್ಷೀಣವಾಗಿ ನಾಲ್ಕಾರು ಸಲ ಕೂಗಿ ಸುಮ್ಮನಾಯಿತು.

"ನೀರಿಗೆ ಬಿದ್ದ ಫೋನು ಅಕ್ಕಿಯಲ್ಲಿಟ್ರೆ ಸರಿಯಾಗ್ತದಂತಲ್ಲ ಮೋಳೇ. ಇದೂ ಆಗ್ಬಹುದು," ಎಂದರು. ಹೆರಿಗೆಯ ಹೊಲಿಗೆ ಎಳೆಯುವಷ್ಟು ನಕ್ಕೆ. ಆ ನಗು ನೆನಪಾದರೆ ಈಗ ಮೈ ಜುಮ್ಮೆನ್ನುತ್ತದೆ.

ಆ ನಂತರ ಮನೆ ಶಾಂತವಾಗಿತ್ತು. ಸದ್ದು ನಿಂತದ್ದರಿಂದ ಹನೀಫರೂ ಅದನ್ನು ಜಲೀಲನಿಗೆ ಕೊಡುವುದನ್ನು ಮರೆತರು. ದಿನವೂ ಮೀಯುವುದು, ಕೆಂಡದ ಮೇಲೆ ಮಲಗುವುದು. ಎದ್ದಾಗ ತಲೆ ಸಿಡಿಯುತ್ತಿತ್ತು. ಹಾಲ್‌ಗೆ ಬಂದು ಕುಳಿತರೆ ಕಡಿಮೆಯಾಗುತ್ತಿತ್ತು. ಬಾಣಂತಿಯ ನಿಶ್ಶಕ್ತಿ ಎಂದು ಉಮ್ಮ ಬೆಳ್ಳುಳ್ಳಿ ಹುರಿದುಕೊಟ್ಟರು, ಮೆಂತ್ಯದ ಗಂಜಿ ಕೊಟ್ಟರು. ನಿಶ್ಶಕ್ತಿ ಹೆಚ್ಚಾದಷ್ಟೂ ಕೆಂಡ ಹೆಚ್ಚಿಸಿದರು. ಮಗು ಅಳುವುದು ಬಿಟ್ಟು ಚೆನ್ನಾಗಿ ನಿದ್ದೆ ಮಾಡತೊಡಗಿತ್ತು. "ನೋಡು, ಶಾಖ ಹಿಡಿಯಿತು. ಕೆನ್ನೆ ಹೇಗೆ ಕೆಂಪಾಗಿದೆ," ಎಂದು ಉಮ್ಮ ದೃಷ್ಟಿ ತೆಗೆದರು. ಆ ಕೆಂಪು ಬರೀ ಶಾಖದ್ದೋ ಬೇರೆ ಯಾವುದರದ್ದೋ ನನಗೆ ಇಂದಿಗೂ ತಿಳಿಯದು. ಕೇಳುವ ಧೈರ್ಯವೂ ಬಂದಿಲ್ಲ.

ಚಳಿ ತೀರಾ ಕಚ್ಚುತ್ತಿದ್ದ ಒಂದು ಬೆಳಿಗ್ಗೆ ಉಮ್ಮ ಬಾಣಲೆ ತುಂಬಾ ಕೆಂಡ ತಂದರು. ಬಾಗಿಲ ಅಡಿಗೆ ಹಳೆಯ ಟವೆಲು ತುರುಕಿದರು. ನಾನು ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡೆ. ಉಮ್ಮ ಗೋಡೆಗೆ ಒರಗಿ ಕುಳಿತು ತಸ್ಬೀಹ್ ಎಣಿಸುತ್ತಿದ್ದರು. ಮಣಿಗಳ ಸದ್ದು ಕೇಳುತ್ತಾ ಕಣ್ಣು ಮುಚ್ಚಿದೆ. ನನಗೆ ನೆನಪಿರುವುದು ಅಷ್ಟೇ. ಮುಂದಿನದೆಲ್ಲ ಕೇಳಿ ತಿಳಿದದ್ದು.

ಉಮ್ ಫಹದ್ ಅಂದು ಬಾಣಂತಿಗೆಂದು ಹುನೈನಿ ಮಾಡಿದ್ದರು. ಖರ್ಜೂರವನ್ನೂ ಗೋಧಿ ರೊಟ್ಟಿಯನ್ನೂ ಬೆಣ್ಣೆಯಲ್ಲಿ ನಾದಿ ಮಾಡುವ, ಈ ಸೀಮೆಯ ಚಳಿಗಾಲದ ತಿಂಡಿ. ಬಟ್ಟಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಗಂಟೆ ಒತ್ತಿದರು. ಯಾರೂ ಬರಲಿಲ್ಲ. ಮತ್ತೆ ಒತ್ತಿದರು. ಒಳಗೆ ಉಮ್ಮನಿಗೆ ಗಂಟೆ ಎಲ್ಲೋ ಬಾವಿಯ ಆಚೆ ಕೇಳಿದಂತಾಯಿತಂತೆ. ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಕೂಗಲು ಹೋದರೆ ನಾಲಿಗೆ ಹೊರಳಲಿಲ್ಲ. ಅಂಬೆಗಾಲಿಟ್ಟು ಟವೆಲು ಸರಿಸಿ, ಹಾಲ್ ದಾಟಿ, ಬಾಗಿಲ ಚಿಲಕ ತೆಗೆದು ಅಲ್ಲೇ ಹೊಸ್ತಿಲ ಮೇಲೆ ಬಿದ್ದರು.

ಉಮ್ ಫಹದ್ ಒಳಗೆ ಕಣ್ಣು ಹಾಯಿಸಿದರು. ಮಂಚದಡಿಯ ಕೆಂಪು ಕಂಡಿತು. ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು. "ಫಹಮ್! ಫಹಮ್!" ಎಂದು ಇಡೀ ಕಟ್ಟಡ ಅದುರುವ ಹಾಗೆ ಕೂಗುತ್ತಾ, ತಮ್ಮ ಮುಸುಕಿನ ತುದಿಯನ್ನು ಬಾಯಿಗೆ ಕಚ್ಚಿಕೊಂಡು ಒಳನುಗ್ಗಿ ಮೊದಲು ಮಗುವನ್ನು ಎತ್ತಿಕೊಂಡು ಹೋಗಿ, ಕೂಗು ಕೇಳಿ ಮೆಟ್ಟಿಲು ಹತ್ತಿ ಬಂದ ಮೊಮ್ಮಗಳ ಕೈಗೆ ಕೊಟ್ಟರು. ಮತ್ತೆ ಬಂದು ನನ್ನ ಕಂಕುಳಿಗೆ ಕೈ ಹಾಕಿ ನೆಲದಲ್ಲಿ ಎಳೆದರು. ಜಲೀಲ್ ಓಡಿ ಬಂದ. ಲೈಟರ್ ಹಿಡಿದು ತೋರಿಸಿದ್ದ ಅದೇ ಕಿಟಕಿಯ ಗಾಜನ್ನು ಕುರ್ಚಿಯಿಂದ ಒಡೆದ. ಜೋಡಿ ಗಾಜು, ಒಂದೇಟಿಗೆ ಒಡೆಯಲಿಲ್ಲವಂತೆ.

ನಾನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ. "ಮಗು" ಎಂದೆ. ಪಕ್ಕದಲ್ಲಿದ್ದ ಕೇರಳದ ನರ್ಸು ಬಾಗಿ ಮಲಯಾಳದಲ್ಲಿ ಹೇಳಿದಳು: ಮಗು ಅಳುತ್ತಿದೆ, ಜೋರಾಗಿ ಅಳುತ್ತಿದೆ. ಅಳು ಕೇಳಿ ಅಷ್ಟು ಸಂತೋಷಪಟ್ಟ ತಾಯಿ ಬೇರೆ ಇರಲಾರಳು. ಮೊದಲು ಉಮ್ಮ ಎದ್ದರು, ಆಮೇಲೆ ನಾನು. ಸನಾಳನ್ನು ಮಾತ್ರ ಆಸ್ಪತ್ರೆಯವರು ತುಂಬಾ ಹೊತ್ತು ಒಳಗೇ ಇಟ್ಟುಕೊಂಡರು. ಬಾಗಿಲ ಗಾಜಿನಾಚೆ ಅವಳ ಪುಟ್ಟ ಕಾಲು ಒದೆಯುವುದಷ್ಟೇ ಕಾಣುತ್ತಿತ್ತು. ಕೊನೆಗೆ ಡಾಕ್ಟರು ಬಂದು, ಪಾರಾಯಿತು ಎಂದರು.

ಅವರು ವಿವರಿಸಿದ್ದನ್ನು ನಾನು ಇಂದಿಗೂ ನಂಬಲಾರದೆ ನಂಬಿದ್ದೇನೆ. ಕೊಲ್ಲುವುದು ಹೊಗೆಯಲ್ಲ. ಹೊಗೆ ಹೋದ ಮೇಲೆ, ಚೆನ್ನಾಗಿ ಕೆಂಪಾದ, ನೋಡಲು ಅಷ್ಟು ಶುದ್ಧವಾಗಿರುವ ಕೆಂಡದಿಂದಲೇ ಆ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ಉಸಿರು ಕಟ್ಟುತ್ತಿದೆ ಎಂದು ಮೈಗೇ ತಿಳಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಂಡು ಮಲಗಿದವರನ್ನು ಮಲಗಿಸಿಯೇ ಬಿಡುತ್ತದೆ. ಹನೀಫ್ ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಕುಳಿತಿದ್ದರು. ದಿನವೂ ಆ ಸಣ್ಣ ವೃತ್ತ ಬಿಡಿಸುವ ಮನುಷ್ಯ.

ನಾವು ಮನೆಗೆ ಬಂದ ಮರುದಿನ ದಿಫಾ ಮದನಿಯ ಅಧಿಕಾರಿಯೊಬ್ಬರು ಮನೆಗೆ ಬಂದರು. ಬೆಂಕಿ ಅವಘಡಗಳನ್ನೆಲ್ಲ ನೋಡಿಕೊಳ್ಳುವ ಇಲಾಖೆ ಅದು. ಗೋಡೆಯಲ್ಲಿ ಖಾಲಿ ಮೊಳೆಗಳನ್ನು ನೋಡಿ, ಯಂತ್ರ ಎಲ್ಲಿ ಎಂದು ಕೇಳಿದರು. ಹನೀಫರು ನನ್ನ ಮುಖ ನೋಡಿದರು. ನಾನು ಉಮ್ಮನನ್ನು ನೋಡಿದೆ. ಉಮ್ಮ ಸೆರಗು ಎಳೆದುಕೊಂಡು ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬದ ಮುಚ್ಚಳ ತೆಗೆದು, ಮೊಣಕೈಯವರೆಗೆ ಕೈ ಹಾಕಿ ಅದನ್ನು ತೆಗೆದುಕೊಂಡು ಬಂದರು. ಸಂದುಗಳಲ್ಲಿ ಅಕ್ಕಿಕಾಳು ಸಿಕ್ಕಿಕೊಂಡಿದ್ದವು. ಅಧಿಕಾರಿ ಬೈಯಲಿಲ್ಲ. ಒಂದು ಕಾಳನ್ನು ಉಗುರಿನಿಂದ ಕೆರೆದು ತೆಗೆದು ಗುಂಡಿ ಒತ್ತಿದರು. ಪೆಟ್ಟಿಗೆ ಕಿವಿ ಹರಿಯುವ ಹಾಗೆ ಕಿರುಚಿತು.

"ಶಗ್ಗಾಲ್," ಎಂದರು. ಕೆಲಸ ಮಾಡುತ್ತಿದೆ ಎಂದು ಅರ್ಥ.

ಉಮ್ಮನಿಗೆ ಆ ಪದ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಕ್ಕಿ ಹತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಅಂದಿನಿಂದ ಉಮ್ಮ ಮಗುವನ್ನು ಮುಟ್ಟಲಿಲ್ಲ. ನೀರು ಕಾಯಿಸಿ ಕೊಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಮಗು ಅತ್ತರೆ ನನ್ನನ್ನು ಕರೆಯುತ್ತಿದ್ದರು. ಮೀಯಿಸುವ ಹೊತ್ತಿಗೆ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದರು.

"ಉಮ್ಮಾ, ನನ್ನ ಕೈಯಲ್ಲಿ ಮಗು ಜಾರ್ತದೆ. ನೀವೇ ಮೀಯಿಸಿ," ಎಂದೆ.

"ಬೇಡ ಮೋಳೇ. ಈ ಕೈ ಸಾಕು ಇನ್ನು. ಟಿಕೆಟು ಮಾಡಿಸ್ಲಿಕ್ಕೆ ಹೇಳು."

ಹನೀಫ್ ಮೊತ್ತಮೊದಲ ಬಾರಿ ನೇರವಾಗಿ ಮಾತಾಡಿದ್ದು ಆಗ. ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ ಹೇಳಿದರು. "ಮಾಮಿ, ಅದು ಕೆಟ್ಟಿದೆ ಅಂತ ಹೇಳಿದ್ದು ನಾನು. ಕಳಚಿದ್ದೂ ನಾನು."

ಉಮ್ಮ ಅವರನ್ನು ನೋಡಲಿಲ್ಲ. "ಕೆಂಡ ಇಟ್ಟದ್ದು ಯಾರು ಅಂತ ಕೇಳು ಅವರ ಹತ್ರ," ಎಂದು ನನಗೇ ಹೇಳಿದರು.

ನನಗೆ ಉಮ್ಮನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಸಿಟ್ಟೂ ಬಂತು, ಅಳುವೂ ಬಂತು. ಆದರೆ ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡುವುದಕ್ಕಿಂತ ಹೆಚ್ಚಿನ ಸಂಕಟ ಬೇರೆ ಇರಲಿಲ್ಲ. ಉಮ್ಮ ಹೀಗೆಯೇ ವಿಮಾನ ಹತ್ತಿದರೆ ಇನ್ನು ಊರಿನಲ್ಲೂ ಯಾವ ಮಗುವನ್ನೂ ಎತ್ತಲಾರರು ಎಂಬುದು ನನಗೆ ಖಚಿತವಿತ್ತು.

ಉಮ್ ಫಹದ್‌ಗೆ ನಾನು ಹರಕುಮುರುಕು ಅರಬಿಯಲ್ಲಿ ಇದನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಮೇಲೆ ಬಂದು, ಉಮ್ಮನ ಮಣಿಕಟ್ಟು ಹಿಡಿದು, "ಯಲ್ಲಾ," ಎಂದು ಕೆಳಗೆ ಕರೆದುಕೊಂಡು ಹೋದರು. ನಾನು ಮಗುವನ್ನು ಹೊದ್ದಿಸಿಕೊಂಡು ಹಿಂದೆಯೇ ಇಳಿದೆ.

ಮಶಬ್‌ನಲ್ಲಿ ಬೆಂಕಿ ಉರಿಯುತ್ತಿತ್ತು. ಉಮ್ಮ ಬಾಗಿಲಲ್ಲೇ ನಿಂತುಬಿಟ್ಟರು, ಒಂದು ಹೆಜ್ಜೆ ಮುಂದಿಡಲಿಲ್ಲ. ಉಮ್ ಫಹದ್ ಬಾಗಿಲಿಗೆ ಅಡ್ಡವಿಟ್ಟ ಕಲ್ಲನ್ನು ಕಾಲಿನಿಂದ ತೋರಿಸಿದರು. ಆಮೇಲೆ ಬೆರಳೆತ್ತಿ ಹೊಗೆಕೊಳವೆಯನ್ನು ತೋರಿಸಿದರು. ಕಾಫಿ ಬಗ್ಗಿಸುತ್ತಾ ತಮ್ಮ ತಮ್ಮನ ಕಥೆ ಹೇಳಿದರು. ಅವನು ಮದುವೆಯಾದ ವರ್ಷ, ಮರುಭೂಮಿಯಲ್ಲಿ ಡೇರೆ, ಚಳಿ, ಡೇರೆಯೊಳಗೆ ಕೆಂಡ. ಡೇರೆಗೆ ಮಳೆ ಬರದ ಹಾಗೆ ಪ್ಲಾಸ್ಟಿಕ್ ಹೊದಿಸಿದ್ದರಂತೆ. ಬೆಳಿಗ್ಗೆ ಕರೆಯಲು ಹೋದವರು ಇವರೇ, ಒಳಗಿದ್ದವರು ಮತ್ತೆ ಏಳಲಿಲ್ಲ. ನಾನು ಒಂದೊಂದೇ ವಾಕ್ಯ ಉಮ್ಮನಿಗೆ ದಾಟಿಸಿದೆ. ಕೆಂಡದ ಊರಿನವರಿಗೂ ಕೆಂಡ ಹೀಗೆಯೇ ಕಲಿಸಿತ್ತು.

"ಯಾ ಉಖ್ತಿ," ಎಂದರು ಉಮ್ ಫಹದ್. ನನ್ನ ತಂಗೀ ಎಂದು. "ನನ್ನ ತಮ್ಮನ ಡೇರೆಯ ಬಾಗಿಲು ಯಾರೂ ತೆಗೆಯಲಿಲ್ಲ. ನಾನು ಬರೀ ಗಂಟೆ ಒತ್ತಿದೆ. ಚಿಲಕ ಒಳಗಿತ್ತು. ಇಂತಿ ಫತಹ್ತಿ ಅಲ್‌ಬಾಬ್. ಬಾಗಿಲು ತೆಗೆದದ್ದು ನೀನು."

ಅವರು ಉಮ್ಮನ ಎರಡೂ ಕೈಗಳನ್ನು ಹಿಡಿದು, ಅಂಗೈ ಮೇಲೆ ಮಾಡಿ, ನನ್ನ ಮಡಿಲಿನಿಂದ ಸನಾಳನ್ನು ಎತ್ತಿ ಆ ಕೈಗಳಲ್ಲಿ ಇಟ್ಟರು. ನಾನು ಆ ಮಾತನ್ನು ನಮ್ಮ ಭಾಷೆಯಲ್ಲಿ ಹೇಳಿ ಮುಗಿಸುವ ಮೊದಲೇ ಉಮ್ಮ ಅಳುತ್ತಿದ್ದರು. ಅಳುತ್ತಲೇ ಮಗುವಿನ ಕತ್ತಿನ ಕೆಳಗೆ ಬೆರಳು ಸರಿಪಡಿಸಿಕೊಂಡರು. ಮರುದಿನ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದರು. ಕೋಣೆಯಲ್ಲಿ ಎಣ್ಣೆ ತುಂಬಿದ ಹೀಟರ್ ಇತ್ತು, ಹೊಸ ಕಿಟಕಿಗೆ ತೆರೆಯುವ ಹಿಡಿಕೆ ಇತ್ತು, ಗೋಡೆಯಲ್ಲಿ ಪೆಟ್ಟಿಗೆ ಇತ್ತು.

ಮುಂದಿನ ವರ್ಷ ತಂಗಿಯ ಹೆರಿಗೆಗೆ ನಾನು ಊರಿಗೆ ಹೋದೆ. ಹಂಚಿನ ಮನೆ ಹೋಗಿ ಅಲ್ಲಿ ತಾರಸಿ ಮನೆ ಬಂದಿತ್ತು. ನಕ್ಷೆ ಹನೀಫರದೇ, ಸನಾ ಹುಟ್ಟುವ ಮೊದಲೇ ಬಿಡಿಸಿ ಕಳುಹಿಸಿದ್ದು. ಜಾರುವ ಗಾಜಿನ ಕಿಟಕಿಗಳು, ಏಸಿಗೆಂದು ಸಂದುಗಳನ್ನೆಲ್ಲ ಮುಚ್ಚಿದ ಕೋಣೆ. ಊರಿನವರೆಲ್ಲ ಬುರೈದಾದ ಮನೆಯ ಹಾಗೇ ಉಂಟು ಎಂದು ಹೊಗಳುತ್ತಿದ್ದರು. ಹೌದು, ಹಾಗೇ ಇತ್ತು. ನಾನು ಗೋಡೆಗಳನ್ನೆಲ್ಲ ಹುಡುಕಿದೆ, ಪೆಟ್ಟಿಗೆ ಇರಲಿಲ್ಲ. ಅಲ್ಲಿ ಪೆಟ್ಟಿಗೆ ಇಲ್ಲದೆ ನಕ್ಷೆ ಪಾಸಾಗುವುದಿಲ್ಲ, ಇಲ್ಲಿ ಯಾರೂ ಕೇಳಿರಲಿಲ್ಲ. ಬುರೈದಾದಿಂದ ತಂದಿದ್ದ ಹೊಸ ಪೆಟ್ಟಿಗೆಯನ್ನು ನಾನು ಬ್ಯಾಗಿನಿಂದ ತೆಗೆದಾಗ ಅಕ್ಕಂದಿರು ನಕ್ಕರು. "ಗಲ್ಫಿನಿಂದ ಬಂಗಾರ ತರುವುದನ್ನು ಕೇಳಿದ್ದೆವು. ನೀನು ಎಂತ ಮಾರಾಯ್ತಿ, ಕೂಗುವ ಡಬ್ಬಿ ತಂದದ್ದು?"

ಉಮ್ಮ ನಗಲಿಲ್ಲ. ತಾವೇ ಕುರ್ಚಿ ಎಳೆದು ತಂದು ಹಿಡಿದು ನಿಂತರು, ನಾನು ಹತ್ತಿ ಮೊಳೆ ಹೊಡೆದೆ. ಕೆಂಡದ ಬಾಣಲೆ ಅಂಗಳ ದಾಟಿ ಒಳಗೆ ಬರಬಾರದೆಂದು ಉಮ್ಮನೇ ಕಟ್ಟಪ್ಪಣೆ ಮಾಡಿದರು. ಬೀದಿಯಲ್ಲಿ ಎಲ್ಲಿ ಹೆರಿಗೆಯಾದರೂ ಈಗ ಅವರು ಮೊದಲು ಕೋಣೆಗೆ ಹೋಗಿ ಕಿಟಕಿ ತೆರೆಯುತ್ತಾರಂತೆ, ಆಮೇಲೆಯೇ ಮಗುವನ್ನು ಎತ್ತುವುದು.

ನಾನು ಬುರೈದಾಕ್ಕೆ ಮರಳಿದೆ. ಮರಳಿದೆ ಎಂದು ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ, ಏಕೆಂದರೆ ಊರಿಗೆ ಹೋದಾಗಲೂ ಅದೇ ಪದ ಬರೆಯುತ್ತೇನೆ. ಮೊನ್ನೆ ಮಧ್ಯಾಹ್ನ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಾ, ಫೋನನ್ನು ಜೋರಾಗಿಟ್ಟು ಉಮ್ಮನ ಜೊತೆ ಮಾತಾಡುತ್ತಿದ್ದೆ. ಸನಾ ಕೋಣೆಯಲ್ಲಿ ಮಲಗಿದ್ದಳು. ಇದ್ದಕ್ಕಿದ್ದಂತೆ ಪೆಟ್ಟಿಗೆ ಕಿರುಚಿತು. ಅಕ್ಕಿ ಚೆಲ್ಲಿ, ಓಡಿ, ಮಗುವನ್ನು ಹೊದಿಕೆ ಸಮೇತ ಬಾಚಿಕೊಂಡು, ಬಾಗಿಲು ತೆಗೆದು, ಬರಿಗಾಲಲ್ಲಿ ಮೆಟ್ಟಿಲವರೆಗೆ ಹೋಗಿ ನಿಂತೆ. ಸದ್ದು ನಿಂತಿತ್ತು. ನಮ್ಮ ಗೋಡೆಯ ಪೆಟ್ಟಿಗೆ ತಣ್ಣಗೆ ಹಸಿರು ದೀಪ ಮಿಣುಕಿಸುತ್ತಿತ್ತು.

ಅಡುಗೆಮನೆಯ ಫೋನಿನಿಂದ ಉಮ್ಮನ ದನಿ ಬರುತ್ತಿತ್ತು. "ಹೆದರ್ಬೇಡ ಮೋಳೇ, ನಾನು ಇಲ್ಲಿನ ಪೆಟ್ಟಿಗೆಯನ್ನು ಒತ್ತಿ ನೋಡಿದ್ದು. ಕೂಗ್ತದೆ."